ಸೂಲಗಿತ್ತಿ ಬಿಡ್ಡಿ ಮೇಸನ್

ಮಗುವೊಂದು ಲೋಕಕ್ಕೆ ಬರುವಾಗ ಅದನ್ನು ಮೊದಲು ಮುಟ್ಟುವುದು ಸೂಲಗಿತ್ತಿಯ ಕೈ. ಆದರೂ ಆ ಕೈಯ ಒಡತಿಯ ಹೆಸರನ್ನು ಚರಿತ್ರೆಯು ಬರೆದಿಡುವುದು ಅಪರೂಪ. ಅಮೆರಿಕದಲ್ಲಿ ಆಫ್ರಿಕಾ ಮೂಲದ ಕಪ್ಪು ಜನರು ಗುಲಾಮರಾಗಿದ್ದ ಕಾಲದಲ್ಲಿ, ತಮ್ಮವರ ಮಕ್ಕಳನ್ನೂ ಒಡೆಯರ ಮಕ್ಕಳನ್ನೂ ಒಂದೇ ಅಕ್ಕರೆಯಿಂದ ಬರಮಾಡಿಕೊಂಡ ಸೂಲಗಿತ್ತಿಯರು ಬಹುಮಂದಿ ಇದ್ದರು. ಅವರಲ್ಲಿ ಹೆಸರುಳಿದ ಕೆಲವರಲ್ಲಿ ಬಿಡ್ಡಿ ಮೇಸನ್ ಒಬ್ಬಳು.

ಈಕೆ 1818ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ಗುಲಾಮಳಾಗಿಯೇ ಹುಟ್ಟಿದಳು. ಅಕ್ಷರಾಭ್ಯಾಸದ ಭಾಗ್ಯ ಆಕೆಗೆ ದೊರೆಯಲಿಲ್ಲ. ಆದರೆ ಗಿಡಮೂಲಿಕೆಗಳ ಗುಣವೂ ಹೆರಿಗೆಯ ವಿದ್ಯೆಯೂ ಆಕೆಗೆ ಚೆನ್ನಾಗಿ ತಿಳಿದಿದ್ದವು. 1848ರಲ್ಲಿ ಆಕೆಯ ಒಡೆಯನಾದ ರಾಬರ್ಟ್ ಸ್ಮಿತ್ ಎಂಬಾತನು ಮಿಸಿಸಿಪ್ಪಿಯನ್ನು ಬಿಟ್ಟು ಪಶ್ಚಿಮದ ಯೂಟಾ ಪ್ರದೇಶಕ್ಕೆ ಹೊರಟನು. ಬಂಡಿಗಳ ಹಿಂದೆ ದನಗಳನ್ನು ಅಟ್ಟುತ್ತ, ಅಡಿಗೆ ಮಾಡುತ್ತ, ದಾರಿಯಲ್ಲಿ ಹೆರಿಗೆಗಳನ್ನು ಮಾಡಿಸುತ್ತ, ತನ್ನ ಮೂವರು ಹೆಣ್ಣುಮಕ್ಕಳನ್ನೂ ನೋಡಿಕೊಳ್ಳುತ್ತ ಬಿಡ್ಡಿಯು ಸುಮಾರು 1,700 ಮೈಲಿ ನಡೆದಳು.

1851ರಲ್ಲಿ ಸ್ಮಿತ್ ಅವರೆಲ್ಲರನ್ನೂ ಕ್ಯಾಲಿಫೋರ್ನಿಯಾಕ್ಕೆ ಕರೆತಂದನು. ಆ ರಾಜ್ಯದ ಸಂವಿಧಾನವು ಗುಲಾಮಗಿರಿಯನ್ನು ನಿಷೇಧಿಸಿದ್ದರೂ ಆತನು ಅವರನ್ನು ಬಿಡುಗಡೆ ಮಾಡಲಿಲ್ಲ. 1855ರ ಕೊನೆಗೆ, ಗುಲಾಮಗಿರಿಯು ಇನ್ನೂ ನಡೆಯುತ್ತಿದ್ದ ಟೆಕ್ಸಾಸಿಗೆ ಅವರನ್ನು ಕರೆದೊಯ್ಯಲು ಸಿದ್ಧನಾದನು. ಆಗ ಸ್ವತಂತ್ರ ಕಪ್ಪು ಜನರಾದ ಓವೆನ್ಸ್ ಕುಟುಂಬದ ಸ್ನೇಹಿತರು ಅಧಿಕಾರಿಗಳ ನೆರವಿನಿಂದ ಆ ಪ್ರಯಾಣವನ್ನು ತಡೆದರು. ಬಿಳಿಯನ ವಿರುದ್ಧ ಕಪ್ಪು ವ್ಯಕ್ತಿಯು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಕೂಡದೆಂಬುದು ಅಂದಿನ ಕಾನೂನು. ನ್ಯಾಯಾಧೀಶ ಬೆಂಜಮಿನ್ ಹೇಸ್ ಬಿಡ್ಡಿಯನ್ನು ತನ್ನ ಕೊಠಡಿಗೆ ಕರೆಸಿ ಆಕೆಯ ಮಾತನ್ನು ಆಲಿಸಿದನು. 1856ರ ಜನವರಿ 19ರಂದು ಬಿಡ್ಡಿಯೂ ಇತರ 13 ಮಂದಿಯೂ ಸ್ವತಂತ್ರರೆಂದು ತೀರ್ಪಾಯಿತು.

ಬಳಿಕ ಆಕೆ ಲಾಸ್ ಏಂಜಲೀಸಿನಲ್ಲಿ ಡಾಕ್ಟರ್ ಜಾನ್ ಗ್ರಿಫಿನ್ ಬಳಿ ದಾದಿಯಾಗಿ, ಸೂಲಗಿತ್ತಿಯಾಗಿ ಸೇರಿದಳು. ದಿನಗೂಲಿ ಎರಡೂವರೆ ಡಾಲರು. ಬಡವರೆನ್ನದೆ ಬಲ್ಲಿದರೆನ್ನದೆ ನೂರಾರು ತಾಯಂದಿರ ಹೆರಿಗೆ ಮಾಡಿಸಿದಳು. ಅಲ್ಲಿನ ಜನರ ಸ್ಪ್ಯಾನಿಷ್ ನುಡಿಯನ್ನು ಕಲಿತಳು. ಸಿಡುಬು ಹರಡಿದಾಗ ಪ್ರಾಣಭಯವನ್ನು ತೊರೆದು ರೋಗಿಗಳ ಶುಶ್ರೂಷೆ ಮಾಡಿದಳು. ಹತ್ತು ವರ್ಷಗಳ ಉಳಿತಾಯದಿಂದ 1866ರಲ್ಲಿ 250 ಡಾಲರು ಕೊಟ್ಟು ಸ್ಪ್ರಿಂಗ್ ಬೀದಿಯ ಬಳಿ ನಿವೇಶನ ಕೊಂಡಳು. ಒಮ್ಮೆ ತಾನೇ ಪರರ ಸ್ವತ್ತಾಗಿದ್ದವಳು ಹೀಗೆ ಭೂಮಿಯ ಒಡತಿಯಾದಳು. ಊರು ಬೆಳೆದಂತೆ ಆಕೆಯ ಸಂಪತ್ತೂ ಬೆಳೆಯಿತು. ಅದನ್ನು ಹಸಿದವರಿಗೂ ಸೆರೆಮನೆಯ ಬಂದಿಗಳಿಗೂ ಧಾರಾಳವಾಗಿ ಹಂಚಿದಳು. 1872ರಲ್ಲಿ ನಗರದ ಕಪ್ಪು ಜನರ ಮೊದಲ ಚರ್ಚು ಆಕೆಯ ಮನೆಯಲ್ಲಿಯೇ ಆರಂಭವಾಯಿತು.

1891ರಲ್ಲಿ ಬಿಡ್ಡಿ ತೀರಿಕೊಂಡಳು. ಸುಮಾರು ನೂರು ವರ್ಷ ಆಕೆಯ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ; 1988ರಲ್ಲಿ ಅದನ್ನು ನಿಲ್ಲಿಸಲಾಯಿತು.

ಆಕೆಯ ವೃತ್ತಿಗೂ ಇದೇ ಗತಿ ಒದಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಪ್ಪು ಸೂಲಗಿತ್ತಿಯರನ್ನು ಅಜ್ಞಾನಿಗಳೆಂದು ಹಳಿದು, ಪರವಾನಗಿಗಳನ್ನು ಹಿಂತೆಗೆದುಕೊಂಡು ಕ್ರಮೇಣ ಮೂಲೆಗೆ ತಳ್ಳಲಾಯಿತು. ಆದರೆ ಇಂದಿಗೂ ಅಮೆರಿಕದಲ್ಲಿ ಬಾಣಂತನದ ಕಾರಣದಿಂದ ಸಾಯುವ ಕಪ್ಪು ತಾಯಂದಿರ ಪ್ರಮಾಣವು ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇದನ್ನು ಕಂಡು ನೊಂದ ಹೊಸ ಪೀಳಿಗೆಯ ಕಪ್ಪು ಸ್ತ್ರೀಯರು ಆಧುನಿಕ ಶಿಕ್ಷಣ ಪಡೆದು ಅಜ್ಜಿಯರ ಈ ವೃತ್ತಿಯನ್ನು ಮತ್ತೆ ಕೈಗೊಳ್ಳುತ್ತಿದ್ದಾರೆ.

ವಿದ್ಯಾರ್ಥಿಮಿತ್ರರೇ, ಓದುಬರಹ ಬಾರದ ಬಿಡ್ಡಿಯು ದಸ್ತಾವೇಜುಗಳಿಗೆ ಸಹಿಯ ಬದಲು ಗುರುತನ್ನಷ್ಟೇ ಹಾಕುತ್ತಿದ್ದಳು. ಆದರೆ ಆಕೆ ಎತ್ತಿಕೊಂಡ ನೂರಾರು ಮಕ್ಕಳೇ ಆಕೆಯ ನಿಜವಾದ ಹಸ್ತಾಕ್ಷರ. ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ: ಅವರ ಮಕ್ಕಳನ್ನು ಮೊದಲು ಎತ್ತಿಕೊಂಡವರು ಯಾರು? ಆ ಹೆಸರನ್ನು ಮರೆಯದೆ ಬರೆದಿಡಿ.