ಅಂಗಸಾಧಕ ಕೆ. ವಿ. ಅಯ್ಯರ್

ವಿದ್ಯೆ, ಐಶ್ವರ್ಯ, ಅಧಿಕಾರಗಳೆಲ್ಲವೂ ಇದ್ದರೂ ಆರೋಗ್ಯವಿಲ್ಲದವನ ಬಾಳು ಬರಡು. ಈ ಸತ್ಯವನ್ನು ಅರಿತಿದ್ದ ಹಿರಿಯರು ನಮ್ಮ ನಾಡಿನ ಊರುಗಳಲ್ಲಿ ಗರಡಿಮನೆಗಳನ್ನು ಸ್ಥಾಪಿಸಿದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೊಳಗೊಂಡ ಹಳೆಯ ಮೈಸೂರು ಸೀಮೆಯಲ್ಲಿ ಕೆಮ್ಮಣ್ಣಿನ ಮಟ್ಟಿಯ ಮೇಲೆ ಸಾಮು ಮಾಡಿ ಕುಸ್ತಿಗೆ ಇಳಿಯುವುದು ತರುಣರಿಗೆ ಹೆಮ್ಮೆಯ ವಿಷಯವಾಗಿತ್ತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸ ವಿದ್ಯೆಯನ್ನು ಕಲಿತು ನೌಕರಿಯನ್ನು ಅರಸುತ್ತಿದ್ದವರಲ್ಲಿ ಅನೇಕರು ಅಂಗಸಾಧನೆಯನ್ನು ಕಡೆಗಣಿಸಿದರು. ಪುಸ್ತಕ ಹಿಡಿಯುವ ಕೈಗೆ ಗದೆ ಏತಕ್ಕೆ ಎಂಬ ಭಾವನೆ ಅವರಲ್ಲಿ ಬೇರೂರಿತ್ತು. ಈ ತಪ್ಪು ಭಾವನೆಯನ್ನು ತೊಡೆದುಹಾಕಿ, ವಿದ್ಯಾವಂತ ತರುಣರನ್ನು ವ್ಯಾಯಾಮದ ಕಡೆಗೆ ಸೆಳೆದ ಮಹನೀಯರಲ್ಲಿ ಕೆ. ವಿ. ಅಯ್ಯರ್ ಅಗ್ರಗಣ್ಯರು.

ಕೋಲಾರದ ವೆಂಕಟೇಶ ಅಯ್ಯರ್ ಎಂಬುದು ಅವರ ಪೂರ್ಣ ಹೆಸರು. ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ 1897ರಲ್ಲಿ ಅವರು ಜನಿಸಿದರು. ಚಿಕ್ಕಂದಿನಿಂದಲೂ ಅವರಿಗೆ ದೇಹದಾರ್ಢ್ಯದಲ್ಲಿ ಅಪಾರ ಆಸಕ್ತಿಯಿತ್ತು. ಆ ಕಾಲದಲ್ಲಿ ಯೂಜಿನ್ ಸ್ಯಾಂಡೋ ಎಂಬ ಜಗತ್ಪ್ರಸಿದ್ಧ ಬಲಶಾಲಿಯ ಕೀರ್ತಿ ಭಾರತದಲ್ಲಿಯೂ ಹಬ್ಬಿತ್ತು. ಪಾಶ್ಚಾತ್ಯರ ಕ್ರಮಬದ್ಧವಾದ ವ್ಯಾಯಾಮ ಪದ್ಧತಿಯನ್ನು ಅಯ್ಯರ್ ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ತಮ್ಮ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಗ್ರೀಕ್ ಶಿಲ್ಪಗಳನ್ನು ನೆನಪಿಗೆ ತರುವಂತಹ ಸುಂದರ ಅಂಗಸೌಷ್ಠವವನ್ನು ಗಳಿಸಿದರು. ಅವರ ಭಾವಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದವು.

ಆದರೆ ಅಯ್ಯರ್ ಅವರು ಪರರ ಪದ್ಧತಿಯನ್ನು ಕಣ್ಣುಮುಚ್ಚಿ ಅನುಸರಿಸಿದವರಲ್ಲ. ಭಾರ ಎತ್ತುವುದರಿಂದ ಮಾಂಸಖಂಡಗಳು ಬೆಳೆಯುವುವು, ನಿಜ. ಆದರೆ ಹೃದಯ, ಶ್ವಾಸಕೋಶ, ಜಠರ ಮುಂತಾದ ಒಳಗಿನ ಅಂಗಗಳು ದುರ್ಬಲವಾಗಿದ್ದರೆ ಆ ಬೆಳವಣಿಗೆಯಿಂದ ಏನು ಫಲ ಎಂದು ಅವರು ಆಲೋಚಿಸಿದರು. ಅದರ ಫಲವಾಗಿ ಪಶ್ಚಿಮದ ಭಾರಸಾಧನೆಯೊಡನೆ ನಮ್ಮ ದೇಶದ ಸೂರ್ಯನಮಸ್ಕಾರವನ್ನೂ ಹಠಯೋಗದ ಆಸನಗಳನ್ನೂ ಬೆಸೆದರು. ಯೋಗಾಚಾರ್ಯ ಸುಂದರಂ ಅವರು ಈ ಕಾರ್ಯದಲ್ಲಿ ಅವರಿಗೆ ಜೊತೆಗಾರರಾದರು. ಈ ವಿಷಯಗಳನ್ನು ಕುರಿತು ಅಯ್ಯರ್ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ರಚಿಸಿದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್', 1937ರಲ್ಲಿ 'ಸೂರ್ಯನಮಸ್ಕಾರ್' ಪ್ರಕಟವಾದವು.

ಬೆಂಗಳೂರಿನಲ್ಲಿ ಅವರು ನಡೆಸಿದ 'ಹರ್ಕ್ಯುಲಿಸ್ ಜಿಮ್ನಾಸಿಯಂ' ಅನೇಕ ತರುಣರಿಗೆ ಗುರುಕುಲವಾಯಿತು. ದೂರದ ಊರುಗಳಲ್ಲಿದ್ದವರಿಗೆ ಅಂಚೆಯ ಮೂಲಕವೂ ಅವರು ವ್ಯಾಯಾಮ ಪಾಠಗಳನ್ನು ಕಲಿಸುತ್ತಿದ್ದರು. ಅವರ ಖ್ಯಾತಿ ಮೈಸೂರಿನ ಅರಮನೆಯನ್ನೂ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆದರದಿಂದ ಬರಮಾಡಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಒಂದೆಡೆ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯೂ ಮತ್ತೊಂದೆಡೆ ಅಯ್ಯರ್ ಅವರ ಹಿರಿಯ ಶಿಷ್ಯರು ನಡೆಸುತ್ತಿದ್ದ ವ್ಯಾಯಾಮಶಾಲೆಯೂ ಏಕಕಾಲದಲ್ಲಿ ನಡೆಯುತ್ತಿದ್ದವು. ಮಹಾರಾಜರ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯ ಸ್ವಂತ ಕಟ್ಟಡ ತಲೆಯೆತ್ತಿತು.

ಆ ವ್ಯಾಯಾಮಶಾಲೆಯು ಕೇವಲ ತೋಳು ಎದೆಗಳನ್ನು ಬೆಳೆಸುವ ಸ್ಥಳವಾಗಿರಲಿಲ್ಲ. ಅದು ಸಾಹಿತ್ಯ ಕಲೆಗಳ ಕೂಟವೂ ಆಗಿತ್ತು. ಕನ್ನಡ ನಾಟಕಕ್ಕೆ ಹೊಸ ರೂಪವನ್ನು ಕೊಟ್ಟ ಟಿ. ಪಿ. ಕೈಲಾಸಂ ಅಯ್ಯರ್ ಅವರ ಆಪ್ತಮಿತ್ರರು. ಅಯ್ಯರ್ ಅವರದು ಗಡಿಯಾರದಂತೆ ನಿಯಮಬದ್ಧವಾದ ಬದುಕು. ಕೈಲಾಸಂ ಅವರದೋ ಯಾವ ಕಟ್ಟುಪಾಡಿಗೂ ಒಗ್ಗದ ಜೀವ. ಹೀಗೆ ಸ್ವಭಾವದಲ್ಲಿ ಭಿನ್ನರಾಗಿದ್ದ ಈ ಇಬ್ಬರನ್ನು ಕಲೆಯ ಒಲವು ಬೆಸೆಯಿತು. 1946ರಲ್ಲಿ ಕೈಲಾಸಂ ನಿಧನರಾಗುವವರೆಗೂ ಆ ಸ್ನೇಹ ಬಾಡಲಿಲ್ಲ. ನಾಟಕಗಳನ್ನು ಆಡುವುದಕ್ಕಾಗಿ ಅಯ್ಯರ್ 'ರವಿ ಕಲಾವಿದರು' ಎಂಬ ತಂಡವನ್ನೂ ಕಟ್ಟಿದರು.

ದೇಹಸಾಧನೆಯಲ್ಲಿ ಮುಳುಗಿದವರು ಲೇಖನಿಯನ್ನು ಹಿಡಿಯಲಾರರೆಂಬ ಮಾತನ್ನು ಅಯ್ಯರ್ ಸುಳ್ಳುಮಾಡಿದರು. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿಯನ್ನು ಕುರಿತ 'ಶಾಂತಲಾ' ಕಾದಂಬರಿಯು ಕನ್ನಡಿಗರ ಮನೆಮಾತಾಯಿತು. 'ರೂಪದರ್ಶಿ' ಅವರ ಮತ್ತೊಂದು ಪ್ರಸಿದ್ಧ ಕೃತಿ. ಬಾಲಯೇಸುವಿನ ರೂಪಕ್ಕೆ ಮಾದರಿಯಾಗಿದ್ದ ಮುದ್ದು ಮಗುವೇ ಕಾಲಾಂತರದಲ್ಲಿ ದಾರಿತಪ್ಪಿ, ದ್ರೋಹಿಯಾದ ಜೂದಾಸನ ರೂಪಕ್ಕೂ ಮಾದರಿಯಾಗುವ ದಾರುಣ ಕಥೆ ಅದರಲ್ಲಿದೆ. ಮನುಷ್ಯನ ನಡತೆ ಅವನ ಮುಖದ ಮೇಲೆಯೇ ಮುದ್ರೆಯೊತ್ತುವುದೆಂಬುದನ್ನು ಅದು ಮನಗಾಣಿಸುತ್ತದೆ. ಸಾವಿರಾರು ದೇಹಗಳನ್ನು ತಿದ್ದಿದ ಗುರುವಿಗೆ ಈ ವಸ್ತು ಮೆಚ್ಚುಗೆಯಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

1980ರಲ್ಲಿ ಅಯ್ಯರ್ ಕಾಲವಶರಾದರು. ಶಿಲ್ಪಿಯು ಕಲ್ಲಿನಲ್ಲಿ ಅಡಗಿರುವ ರೂಪವನ್ನು ಹೊರತೆಗೆಯುವಂತೆ, ಪ್ರತಿಯೊಬ್ಬ ತರುಣನಲ್ಲಿ ಅಡಗಿರುವ ಆರೋಗ್ಯವನ್ನು ಹೊರತೆಗೆಯುವುದು ಅವರ ಬಾಳಿನ ವ್ರತವಾಗಿತ್ತು. ಪದಕಗಳಿಗಾಗಿಯೂ ಪ್ರದರ್ಶನಕ್ಕಾಗಿಯೂ ಅಲ್ಲದೆ, ತುಂಬು ಬಾಳನ್ನು ಬಾಳುವುದಕ್ಕಾಗಿ ದೇಹವನ್ನು ಸಾಧಿಸಬೇಕೆಂಬುದನ್ನು ಅವರು ಬದುಕಿ ತೋರಿಸಿದರು. ಓದು ಮತ್ತು ವ್ಯಾಯಾಮ ಪರಸ್ಪರ ವಿರೋಧಿಗಳಲ್ಲ, ಒಂದೇ ಬಂಡಿಯ ಎರಡು ಚಕ್ರಗಳು ಎಂಬುದಕ್ಕೆ ಅವರ ಜೀವನವೇ ಸಾಕ್ಷಿ.