ತಲೆಸುತ್ತಿಗೆ ಕಣ್ಣಿನ ಸಾಕ್ಷ್ಯ ಒದಗಿಸಿದ ರಾಬರ್ಟ್ ಬಾರಾನಿ

ಮೈದಾನದಲ್ಲಿ ತಲೆಗೆ ಪೆಟ್ಟು ಬಿದ್ದ ಆಟಗಾರ ಎದ್ದು ನಿಂತು, ತನಗೇನೂ ಆಗಿಲ್ಲವೆಂದು ಕೈಯಾಡಿಸುವುದು ಸಾಮಾನ್ಯ ದೃಶ್ಯ. ಆದರೆ ಇಂದಿನ ಕ್ರೀಡಾ ವೈದ್ಯರು ಆ ಮಾತೊಂದನ್ನೇ ನಂಬುವುದಿಲ್ಲ. ಕಣ್ಣು ಮುಚ್ಚಿಸಿ ಒಂಟಿ ಕಾಲಿನಲ್ಲಿ ನಿಲ್ಲಿಸುತ್ತಾರೆ. ಕಣ್ಣೆದುರು ಬೆರಳಾಡಿಸಿ ದೃಷ್ಟಿಯ ಚಲನೆಯನ್ನು ಗಮನಿಸುತ್ತಾರೆ. ದೇಹದ ಸಮತೋಲನ ಕೆಟ್ಟರೆ ಅದರ ಗುರುತು ಕಣ್ಣಿನಲ್ಲಿ ಕಾಣುತ್ತದೆಂಬ ತಿಳಿವಳಿಕೆಯನ್ನು ವೈದ್ಯಲೋಕದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರು ವಿಯೆನ್ನಾದ ಕಿವಿ ತಜ್ಞ ರಾಬರ್ಟ್ ಬಾರಾನಿ.

ಬಾರಾನಿ ಜನಿಸಿದ್ದು 1876ರ ಏಪ್ರಿಲ್ 22ರಂದು, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ಮೂಳೆ ಕ್ಷಯ ತಗುಲಿ ಒಂದು ಮಂಡಿ ಶಾಶ್ವತವಾಗಿ ಬಿಗಿದುಕೊಂಡಿತು. ವೈದ್ಯವಿದ್ಯೆಯತ್ತ ಅವರ ಮನಸ್ಸು ಹೊರಳಿದ್ದು ಈ ಕಾಯಿಲೆಯಿಂದಲೇ ಎನ್ನಲಾಗುತ್ತದೆ. ಮಂಡಿ ಮಡಚದಿದ್ದರೂ ಅವರು ಟೆನಿಸ್ ಆಟವನ್ನಾಗಲೀ ಬೆಟ್ಟದ ನಡಿಗೆಯನ್ನಾಗಲೀ ಬಿಡಲಿಲ್ಲ. 1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಬಳಿಕ ಹೆಸರಾಂತ ತಜ್ಞ ಆಡಂ ಪೊಲಿಟ್ಜರ್ ಅವರ ಕಿವಿ ಚಿಕಿತ್ಸಾಲಯ ಸೇರಿದರು.

ಅಲ್ಲಿ ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವುದು ನಿತ್ಯದ ಕೆಲಸವಾಗಿತ್ತು. ಆಗ ಕೆಲವರಿಗೆ ತಲೆ ಸುತ್ತುತ್ತಿತ್ತು. ಬಾರಾನಿ ಅವರ ಕಣ್ಣುಗಳನ್ನು ನೋಡಿದರು. ಪಾಪೆಗಳು ಒಂದು ಬದಿಗೆ ಮೆಲ್ಲನೆ ಸರಿದು, ಥಟ್ಟನೆ ಹಿಂದಕ್ಕೆ ಜಿಗಿಯುತ್ತಿದ್ದವು. ನೀರು ತಣ್ಣಗಿದ್ದಾಗ ಒಂದು ದಿಕ್ಕಿಗೆ, ಬಿಸಿಯಾಗಿದ್ದಾಗ ವಿರುದ್ಧ ದಿಕ್ಕಿಗೆ! ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ಶಾಖದ ವ್ಯತ್ಯಾಸದಿಂದ ಹರಿದು ಕಣ್ಣನ್ನು ಅಲುಗಿಸುತ್ತದೆ ಎಂದು ಅವರು ವಿವರಿಸಿದರು. 1983ರಲ್ಲಿ ಗಗನನೌಕೆಯೊಳಗಿನ ಭಾರರಹಿತ ಸ್ಥಿತಿಯಲ್ಲಿಯೂ ಈ ಚಲನೆ ಕಂಡುಬಂದುದರಿಂದ ಆ ವಿವರಣೆ ಅಪೂರ್ಣವೆಂದು ತಿಳಿಯಿತು. ಪರೀಕ್ಷೆ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ರೋಗಿಯನ್ನು 20 ಸೆಕೆಂಡುಗಳಲ್ಲಿ 10 ಸುತ್ತು ತಿರುಗಿಸುವ ಕುರ್ಚಿ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕಣ್ಣು ಮುಚ್ಚಿ ಬೆರಳಿನಿಂದ ಗುರಿ ಮುಟ್ಟುವ ಪರೀಕ್ಷೆಯು ಕಿರುಮೆದುಳಿನ ದೋಷ ಪತ್ತೆಗೆ ನೆರವಾಯಿತು. ರೋಗಿಯ ಬಾಯಿಮಾತನ್ನೇ ನಂಬಬೇಕಿದ್ದ ತಲೆಸುತ್ತು ಹೀಗೆ ವೈದ್ಯರ ಕಣ್ಣಿಗೆ ಕಾಣುವಂತಾಯಿತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬಾರಾನಿ ಸ್ವಇಚ್ಛೆಯಿಂದ ಆಸ್ಟ್ರಿಯಾ ಸೇನೆಯ ವೈದ್ಯರಾದರು. ಇಂದಿನ ಪೋಲೆಂಡ್‌ನಲ್ಲಿರುವ ಪ್ಶೆಮಿಶ್ಲ್ ಕೋಟೆಯಲ್ಲಿ ತಲೆಗೆ ಗಾಯವಾದ ಯೋಧರಿಗೆ ಶಸ್ತ್ರಚಿಕಿತ್ಸೆ ನಡೆಸಿದರು. 1915ರ ಮಾರ್ಚ್‌ನಲ್ಲಿ ಕೋಟೆ ರಷ್ಯನ್ನರ ವಶವಾಗಿ, ಅವರು ಯುದ್ಧಕೈದಿಯಾದರು. ಇಂದಿನ ತುರ್ಕಮೇನಿಸ್ತಾನದ ಮೆರ್ವ್‌ನ ಶಿಬಿರದಲ್ಲಿ ಮಲೇರಿಯಾ ಕಾಡಿತು. 1914ನೇ ಸಾಲಿನ ನೊಬೆಲ್ ವೈದ್ಯಕೀಯ ಪ್ರಶಸ್ತಿ ತಮಗೆ ಸಂದ ಸುದ್ದಿ ಅವರಿಗೆ ತಲುಪಿದ್ದು ಸೆರೆಯಲ್ಲಿಯೇ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಅವರ ಮಧ್ಯಸ್ಥಿಕೆಯಿಂದ 1916ರಲ್ಲಿ ಬಿಡುಗಡೆ ಹೊಂದಿ, ಸ್ಟಾಕ್‌ಹೋಮ್‌ಗೆ ತೆರಳಿ ಪ್ರಶಸ್ತಿ ಸ್ವೀಕರಿಸಿದರು.

ತವರಿನಲ್ಲಿ ಮಾತ್ರ ಕಾದಿದ್ದುದು ಬೇರೆಯೇ. ಇತರರ ಸಂಶೋಧನೆಗಳನ್ನು ಬಾರಾನಿ ಸರಿಯಾಗಿ ಉಲ್ಲೇಖಿಸಿಲ್ಲವೆಂದು ವಿಯೆನ್ನಾದ ಸಹೋದ್ಯೋಗಿಗಳು ದೂರಿದರು. ಸ್ವೀಡನ್ನಿನ ತಜ್ಞರು ಬಹಿರಂಗವಾಗಿ ಅವರ ಪರ ನಿಂತರು. ನೊಂದ ಬಾರಾನಿ ಹುಟ್ಟೂರನ್ನು ತೊರೆದು ಸ್ವೀಡನ್ನಿನ ಉಪ್ಸಾಲಾಕ್ಕೆ ಹೋದರು. ಕೊನೆಯವರೆಗೂ ಅಲ್ಲಿಯೇ ನೆಲೆಸಿದರು. ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತನ್ನು 1921ರಲ್ಲಿ ವಿವರಿಸಿದರು. ಪಾರ್ಶ್ವವಾಯು ಬಡಿದ ಮೇಲೂ ಬರವಣಿಗೆ ನಿಲ್ಲಿಸಲಿಲ್ಲ. 60 ವರ್ಷ ತುಂಬಲು ಎರಡು ವಾರ ಬಾಕಿಯಿರುವಾಗ, 1936ರ ಏಪ್ರಿಲ್ 8ರಂದು ನಿಧನರಾದರು.

ಆಟಗಾರರ ಮಿದುಳಿನ ಆಘಾತ ಅವರ ಸಂಶೋಧನೆಯ ವಿಷಯವಾಗಿರಲಿಲ್ಲ. ಆದರೆ ಒಳಗಿವಿ, ಕಣ್ಣು, ಕಿರುಮೆದುಳುಗಳ ನಂಟನ್ನು ಪರೀಕ್ಷಿಸುವ ಅವರ ಕ್ರಮವೇ ಇಂದಿನ ಪರೀಕ್ಷೆಗಳ ಹಿಂದಿದೆ. 2014ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ ಆಟಗಾರ ಚಲಿಸುವ ಗುರಿಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ತಲೆಯಾಡಿಸುತ್ತಲೇ ನೋಟವನ್ನು ಒಂದೆಡೆ ನಿಲ್ಲಿಸಬೇಕು. ತಲೆನೋವು, ವಾಕರಿಕೆ, ಮಂಪರು ಹೆಚ್ಚಿದರೆ ಅದು ಎಚ್ಚರಿಕೆಯ ಗಂಟೆ.

ಒಂದೇ ಸಲದ ಪರೀಕ್ಷೆ ಸಾಲದು ಎಂಬುದಕ್ಕೆ 2019ರ ಆಗಸ್ಟ್‌ನ ಲಾರ್ಡ್ಸ್ ಟೆಸ್ಟ್ ನಿದರ್ಶನ. ಜೋಫ್ರಾ ಆರ್ಚರ್ ಎಸೆತ ಕುತ್ತಿಗೆಗೆ ಬಡಿದಾಗ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅಂದಿನ ತಪಾಸಣೆಯಲ್ಲಿ ತೇರ್ಗಡೆಯಾಗಿ ಮತ್ತೆ ಬ್ಯಾಟ್ ಹಿಡಿದರು. ಮರುದಿನ ಲಕ್ಷಣಗಳು ಕಾಣಿಸಿದವು. ಅವರ ಬದಲು ಮಾರ್ನಸ್ ಲಬುಶೇನ್ ಕಣಕ್ಕಿಳಿದರು. ಟೆಸ್ಟ್ ಇತಿಹಾಸದಲ್ಲಿ ಮಿದುಳಿನ ಆಘಾತದ ಕಾರಣ ಬದಲಿ ಆಟಗಾರ ಆಡಿದ್ದು ಅದೇ ಮೊದಲು.

ತಲೆಸುತ್ತಿನ ಅಧ್ಯಯನಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಸಂಘ 1960ರಲ್ಲಿ ಸ್ಥಾಪನೆಯಾದಾಗ ಬಾರಾನಿ ಅವರ ಹೆಸರನ್ನೇ ಇಟ್ಟುಕೊಂಡಿತು. ತಂಡಕ್ಕಾಗಿ ನೋವು ಮರೆಮಾಚುವ ಆಟಗಾರನ ಬಾಯಿ ಏನೇ ಹೇಳಲಿ, ಕಣ್ಣನ್ನೊಮ್ಮೆ ನೋಡುವ ರೂಢಿ ಉಳಿದುಕೊಂಡಿದೆ. ಬಿಗಿದ ಮಂಡಿಯಲ್ಲಿಯೇ ಟೆನಿಸ್ ಆಡಿದ ಆ ವೈದ್ಯನಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.