ಪ್ಲೇಗ್ ಲಸಿಕೆಯ ಜನಕ ವಾಲ್ಡೆಮಾರ್ ಹಾಫ್‌ಕಿನ್

ಮುಂಬಯಿ ಪರೇಲ್‌ನ ಹಾಫ್‌ಕಿನ್ ಸಂಸ್ಥೆಯ ಮುಂದಿನಿಂದ ದಿನವೂ ಹಾದುಹೋಗುವ ತುಳು-ಕನ್ನಡಿಗರಿಗೆ ಕಡಿಮೆ ಇಲ್ಲ. ಆದರೆ ಆ ಹೆಸರಿನ ವ್ಯಕ್ತಿ ಯಾರೆಂಬುದು ಬಲ್ಲವರು ವಿರಳ.

1860ರ ಮಾರ್ಚ್ 15ರಂದು ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಹಾಫ್‌ಕಿನ್, ಮೆಚ್ನಿಕಾಫ್ ಅವರ ಶಿಷ್ಯರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿ ಸೇರಿ, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತಮಗೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಕಲ್ಕತ್ತಾದ ಬಡವರ ಬಸ್ತಿಗಳಲ್ಲಿ ಲಸಿಕೆ ಹಾಕಿದರು.

1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸರಕಾರ ಅವರನ್ನು ಕರೆಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ಅದರ ಆಸರೆಯಲ್ಲಿ ರೋಗಾಣುಗಳನ್ನು ಬೆಳೆಸಿ, ನಂತರ ಕಾಯಿಸಿ ಕೊಂದು ಲಸಿಕೆ ಮಾಡಿದರು. ಮೂರೇ ತಿಂಗಳಲ್ಲಿ ಕೆಲಸ ಮುಗಿದಿತ್ತು. 1897ರ ಜನವರಿ 10ರಂದು ಮೊದಲ ಚುಚ್ಚುಮದ್ದು ಮತ್ತೆ ಅವರ ಮೈಗೇ.

ಆ ತಿಂಗಳ ಕೊನೆಯಲ್ಲಿ ಬೈಕುಲಾ ಜೈಲಿಗೆ ಪ್ಲೇಗ್ ನುಗ್ಗಿತು. ಮುಂದೆ ಬಂದ ಸುಮಾರು 150 ಕೈದಿಗಳಿಗೆ ಲಸಿಕೆ ಹಾಕಲಾಯಿತು; ಉಳಿದವರು ಹಾಗೆಯೇ ಇದ್ದರು. ಇಬ್ಬರಿಗೂ ಅದೇ ಗೋಡೆ, ಅದೇ ಊಟ, ಆದ್ದರಿಂದ ಹೋಲಿಕೆ ಸುಲಭವಾಯಿತು. ಮುಂದಿನ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರೆ, ಪಡೆದವರಲ್ಲಿ ಇಬ್ಬರಿಗೆ ಮಾತ್ರ ಜ್ವರ ಬಂದು ಗುಣವಾಯಿತು. ಕೈದಿಗಳು ಸ್ವ ಇಚ್ಛೆಯಿಂದ ಬಂದರೆಂದು ದಾಖಲೆ ಹೇಳುತ್ತದೆ. ಆದರೆ ಬಾಗಿಲಿಗೆ ಬೀಗ ಬಿದ್ದ ಜಾಗದಲ್ಲಿ ಸ್ವ ಇಚ್ಛೆಗೆ ಎಷ್ಟು ಬೆಲೆ? ಇಂದಿನ ಯಾವ ನೈತಿಕ ಸಮಿತಿಯೂ ಈ ಪ್ರಶ್ನೆ ಕೇಳದೆ ಅನುಮತಿ ನೀಡದು.

ಮನೆಮನೆ ಶೋಧ, ಬಲವಂತದ ಶಿಬಿರಗಳಿಂದ ರೋಸಿದ್ದ ಜನ ಸೂಜಿಗೂ ಹೆದರುತ್ತಿದ್ದರು. ಆಗಾ ಖಾನ್ ಅವರು ಎಲ್ಲರೆದುರು ಲಸಿಕೆ ಪಡೆದು ಖೋಜಾ ಸಮಾಜಕ್ಕೆ ಧೈರ್ಯ ತುಂಬಿದರು. ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿಯಲ್ಲೂ 1898ರಲ್ಲಿ ಸಾವಿರಾರು ಜನರಿಗೆ ಈ ಲಸಿಕೆ ಹಾಕಲಾಯಿತು. 1899ರಲ್ಲಿ ಪರೇಲ್‌ನ ಹಳೆಯ ಸರಕಾರಿ ಭವನ ಅವರ ಪ್ರಯೋಗಾಲಯವಾಯಿತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್‌ನಲ್ಲಿ ದುರಂತ ಸಂಭವಿಸಿತು. ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಾಲಯದ್ದೆಂದು ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರ ಇಡಲಾಯಿತು. ವೈದ್ಯ ಪದವಿ ಇಲ್ಲದ, ಪರದೇಶಿ ಯಹೂದಿಯ ಬಗ್ಗೆ ಅಧಿಕಾರಿವರ್ಗಕ್ಕೆ ಮೊದಲೇ ಅಸಮಾಧಾನವಿತ್ತು. ವಾಸ್ತವದಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ದನಿಯೆತ್ತಿದ ಮೇಲೆಯೇ 1907ರಲ್ಲಿ ಅವರು ದೋಷಮುಕ್ತರಾದರು. ಬದುಕಿನ ಐದು ವರ್ಷ ಆಗಲೇ ಹೋಗಿತ್ತು. ಕಲ್ಕತ್ತಾಕ್ಕೆ ಮರಳಿದರೂ ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸಲು ಅವಕಾಶ ಸಿಗಲಿಲ್ಲ; ನಿವೃತ್ತರಾಗಿ ಯುರೋಪಿಗೆ ಹೊರಟುಹೋದರು.

1925ರಲ್ಲಿ ಪರೇಲ್ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವಿವಾಹಿತರಾಗಿಯೇ ನಿಧನರಾದರು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.